ಟೆಲಿಸ್ಕೋಪ್ ತಗೋಬೇಕು ಅಂತಿದ್ದೇನೆ, ಆಕಾಶದ ಗಂಧಗಾಳಿ ಗೊತ್ತಿಲ್ಲ

ಹೊಸಚುಕ್ಕಿ · 26 ಡಿಸೆಂಬರ್ 2025

ಎಲ್ಲರಿಗೂ ನಮಸ್ಕಾರ. ಹೋದ ವಾರ ರಾತ್ರಿ ಕರೆಂಟ್ ಹೋಯಿತು. ಸುಮ್ನೆ ಮಗಳ ಜೊತೆ ಮಹಡಿ ಹತ್ತಿದೆ. ಚಂದ್ರ ಇರಲಿಲ್ಲ, ಬೀದಿ ದೀಪವೂ ಇರಲಿಲ್ಲ. ಮೇಲೆ ನೋಡಿದರೆ ಯಾರೋ ಚೆಲ್ಲಿದ ಹಾಗೆ ನಕ್ಷತ್ರಗಳು. ನಲವತ್ತೊಂದು ವರ್ಷದಲ್ಲಿ ಒಮ್ಮೆಯಾದರೂ ಇದನ್ನು ನೆಟ್ಟಗೆ ನೋಡಿದ್ದೆನಾ ಅನ್ನಿಸಿತು. ಪೂರ್ವದ ಕಡೆ ಒಂದು ಮಾತ್ರ ಎಲ್ಲಕ್ಕಿಂತ ಜಾಸ್ತಿ ಹೊಳೆಯುತ್ತಿತ್ತು. ಮಗಳು "ಅದ್ಯಾವುದಪ್ಪಾ?" ಅಂದಳು. "ನಕ್ಷತ್ರ" ಅಂದೆ. "ಅದು ನನಗೂ ಗೊತ್ತು, ಯಾವ ನಕ್ಷತ್ರ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನಿಂದ ಟೆಲಿಸ್ಕೋಪ್ ಹುಚ್ಚು ಹಿಡಿದಿದೆ. ಒಂದನ್ನು ನೋಡಿಟ್ಟಿದ್ದೇನೆ. ಡಬ್ಬಿಯ ಮೇಲೆ 525 ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಬರೆದಿದೆ. ಪಕ್ಕದಲ್ಲಿ ಶನಿಯ ಬಣ್ಣದ ಚಿತ್ರ. ಮುಂದಿನ ಲೆನ್ಸ್ 60 ಮಿ.ಮೀ. ಅಂತೆ. ಸ್ಟ್ಯಾಂಡ್ ಜೊತೆಗೇ ಬರುತ್ತದೆ. ನಾನಿರುವುದು ಪೇಟೆಯಲ್ಲಿ, ಬೀದಿ ದೀಪದ ಕಾಟ ಇದ್ದೇ ಇದೆ. ಓದಿದ ವಿಜ್ಞಾನ ಎಲ್ಲ ಮರೆತು ಹೋಗಿದೆ. ತಗೊಳ್ಳಲೋ ಬೇಡವೋ?

ಅಟ್ಟದ_ಮೇಲೆ · 26 ಡಿಸೆಂಬರ್

ಬೇಡ. ಅದೇ 525ರ ಡಬ್ಬಿ ನನ್ನ ಹತ್ತಿರವೂ ಇದೆ. ಎಲ್ಲಿದೆ ಅಂತ ನನ್ನ ಹೆಸರು ನೋಡಿದರೆ ಗೊತ್ತಾಗುತ್ತದೆ.

ಮೊದಲ ದಿನ ಚಂದ್ರನನ್ನು ನೋಡಿ ಕುಣಿದಾಡಿದ್ದೆ. ಎರಡನೇ ದಿನ ದುರಾಸೆ. ಜಾಸ್ತಿ ದೊಡ್ಡದು ಮಾಡುವ ಐಪೀಸ್ (ಕಣ್ಣಿಡುವ ಕಡೆಯ ಪುಟ್ಟ ಲೆನ್ಸ್) ಹಾಕಿಕೊಂಡು ಶನಿಯನ್ನು ಹುಡುಕಲು ಹೊರಟೆ. ಎರಡು ಗಂಟೆ ಹುಡುಕಿದ ಮೇಲೆ ಸಿಕ್ಕಿದ್ದು ಪಕ್ಕದ ಮನೆಯ ನೀರಿನ ಟ್ಯಾಂಕು. ಕೊನೆಗೆ ಏನೋ ಒಂದು ಬೆಳಕು ಒಳಗೆ ಬಂತು. ಫೋಕಸ್ ಮಾಡಲು ಬೆರಳು ತಾಗಿಸಿದರೆ ಸಾಕು, ಗಡಗಡ ನಡುಗಿ ಹೊರಗೆ ಹೋಗುತ್ತಿತ್ತು. ಸ್ಟ್ಯಾಂಡ್ ಅಂದರೆ ಮೂರು ಕಡ್ಡಿ, ಅಷ್ಟೇ. ಒಂದು ತಿಂಗಳಲ್ಲಿ ಅಟ್ಟ ಸೇರಿತು. ಡಬ್ಬಿಯಲ್ಲಿ ಸೂರ್ಯನನ್ನು ನೋಡಲು ಅಂತ ಒಂದು ಪುಟ್ಟ ಕಪ್ಪು ಗಾಜು ಕೂಡ ಇತ್ತು, ಅದನ್ನಂತೂ ಮುಟ್ಟಲೇ ಇಲ್ಲ.

ಕನ್ನಡಿ_ಉಜ್ಜುವವ · 26 ಡಿಸೆಂಬರ್

ಆ ಕಪ್ಪು ಗಾಜನ್ನು ಇವತ್ತೇ ಒಡೆದು ಕಸಕ್ಕೆ ಹಾಕಿ. ಬೇರೆ ಮಾತೆಲ್ಲ ಆಮೇಲೆ.

ಅದನ್ನು ಐಪೀಸಿಗೆ ಸಿಕ್ಕಿಸುತ್ತಾರೆ. ಅಂದರೆ ಲೆನ್ಸ್ ಒಟ್ಟು ಮಾಡಿ ತಂದ ಬಿಸಿಲೆಲ್ಲ ಆ ಬಿಲ್ಲೆಯ ಮೇಲೆ ಬೀಳುತ್ತದೆ. ಕಾದು ಸೀಳಿದರೆ ಆ ಕ್ಷಣದಲ್ಲಿ ನಿಮ್ಮ ಕಣ್ಣು ಅದರ ಹಿಂದೆಯೇ ಇರುತ್ತದೆ. ಕಣ್ಣಿನ ಒಳಪದರಕ್ಕೆ ನೋವು ತಿಳಿಯುವ ನರವೇ ಇಲ್ಲ, ಸುಟ್ಟಿದ್ದು ಆಮೇಲೆ ಗೊತ್ತಾಗುವುದು. ಸೂರ್ಯನನ್ನು ನೋಡಲೇಬೇಕಿದ್ದರೆ ಕೊಳವೆಯ ಮುಂಭಾಗಕ್ಕೆ ಪೂರ್ತಿ ಮುಚ್ಚುವ, ಅದಕ್ಕೆಂದೇ ಮಾಡಿದ ಫಿಲ್ಟರ್ ಬೇಕು. ಪಕ್ಕದಲ್ಲಿ ಗುರಿ ಹಿಡಿಯಲು ಇರುವ ಚಿಕ್ಕ ಫೈಂಡರ್‌ಗೂ ಮುಚ್ಚಳ ಹಾಕಿರಬೇಕು. ಹೊಸಚುಕ್ಕಿಯವರೇ, ಮನೆಯಲ್ಲಿ ಮಗು ಇದೆ ಅಂದಿರಿ. ಹಗಲು ಹೊತ್ತಿನಲ್ಲಿ ಟೆಲಿಸ್ಕೋಪನ್ನಾಗಲಿ ಬೈನಾಕ್ಯುಲರನ್ನಾಗಲಿ ಮಗುವಿನ ಕೈಗೆ ಕೊಟ್ಟು ಆಚೆ ಹೋಗಬೇಡಿ.

ಈಗ 525ರ ಲೆಕ್ಕ. ಕೊಳವೆಯ ಫೋಕಲ್ ದೂರವನ್ನು (ಲೆನ್ಸಿನಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ದೂರ) ಐಪೀಸಿನ ಫೋಕಲ್ ದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಅನ್ನುವುದು ಬರುತ್ತದೆ. ಈ ಡಬ್ಬಿಗಳಲ್ಲಿ ಸಾಮಾನ್ಯವಾಗಿ 700 ಮಿ.ಮೀ.ಯ ಕೊಳವೆ, 4 ಮಿ.ಮೀ.ಯ ಐಪೀಸ್. 700 ಭಾಗಿಸು 4, ಅಂದರೆ 175. ಅದರ ಮೇಲೆ ಮೂರು ಪಟ್ಟು ಮಾಡುವ ಬಾರ್ಲೋ ಲೆನ್ಸ್ ಒಂದು ಇರುತ್ತದೆ. ಆಯಿತಲ್ಲ, 525! ಲೆಕ್ಕ ಸುಳ್ಳಲ್ಲ, ಕಾಣುವುದು ಮಾತ್ರ ಸುಳ್ಳು. ಒಂದು ಮಿ.ಮೀ. ಅಗಲಕ್ಕೆ ಎರಡು ಪಟ್ಟು, ಇದು ಹಳೆಯ ಅಂದಾಜು. 60 ಮಿ.ಮೀ.ಗೆ 120. ಅದೂ ಗಾಳಿ ತಣ್ಣಗೆ, ಅಲುಗದೆ ಇರುವ ರಾತ್ರಿ. ಅದರಾಚೆ ಮಸುಕು ಇನ್ನಷ್ಟು ದೊಡ್ಡ ಮಸುಕಾಗುತ್ತದೆ, ಅಷ್ಟೇ.

ಟೆಲಿಸ್ಕೋಪಿನ ಮುಖ್ಯ ಕೆಲಸ ದೊಡ್ಡದು ಮಾಡುವುದಲ್ಲ, ಬೆಳಕು ಕೂಡಿಸುವುದು. ಮಳೆಗೆ ಚೊಂಬು ಇಟ್ಟ ಹಾಗೂ ಕೊಪ್ಪರಿಗೆ ಇಟ್ಟ ಹಾಗೂ. ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿ.ಮೀ. ಅಗಲ ಆಗುತ್ತದೆ. 150 ಮಿ.ಮೀ.ಯ ಕನ್ನಡಿ ಅದರ 450 ಪಟ್ಟು ಬೆಳಕು ಹಿಡಿಯುತ್ತದೆ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅಗಲ ಎಷ್ಟು ಅಂತ. ಎರಡನೆಯದು ಸ್ಟ್ಯಾಂಡ್ ಅಲ್ಲಾಡುತ್ತದಾ ಅಂತ.

ಬರಿಗಣ್ಣು · 27 ಡಿಸೆಂಬರ್

ಎಲ್ಲರೂ ಡಬ್ಬಿಯ ಮೇಲೆ ಬಿದ್ದಿದ್ದೀರಿ. ಮಗು ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲವಲ್ಲ!

ಹೊಸಚುಕ್ಕಿ ಸರ್, ಆ ಹೊಳೆಯುವುದು ಮಿಣಮಿಣ ಅಂತಿತ್ತೋ, ಇಲ್ಲ ಸುಮ್ಮನೆ ಉರಿಯುತ್ತಿತ್ತೋ? ಈ ತಿಂಗಳು ರಾತ್ರಿ ಪೂರ್ವದಲ್ಲಿ ಜಾಸ್ತಿ ಹೊಳೆಯುವವು ಎರಡು. ಒಂದು ಲುಬ್ಧಕ, ರಾತ್ರಿಯ ನಕ್ಷತ್ರಗಳಲ್ಲೆಲ್ಲ ಪ್ರಕಾಶಮಾನ. ಕೆಳಗಿರುವಾಗ ಕೆಂಪು, ನೀಲಿ, ಹಸಿರು ಅಂತ ಬಣ್ಣ ಬದಲಿಸುತ್ತಾ ಮಿನುಗುತ್ತದೆ. ಇನ್ನೊಂದು ಗುರು ಗ್ರಹ. ಅದು ಲುಬ್ಧಕಕ್ಕಿಂತಲೂ ಜಾಸ್ತಿ ಹೊಳೆಯುತ್ತದೆ, ಆದರೆ ಮಿನುಗುವುದು ಕಡಿಮೆ. ನಕ್ಷತ್ರಗಳು ಎಷ್ಟು ದೂರ ಅಂದರೆ ನಮಗೆ ಬರೀ ಬಿಂದು. ಗಾಳಿಯ ಅಲೆ ಆ ಬಿಂದುವನ್ನು ಕುಣಿಸುತ್ತದೆ. ಗ್ರಹ ಪುಟ್ಟ ತಟ್ಟೆ, ಒಂದು ಅಂಚು ಅಲುಗಿದರೆ ಇನ್ನೊಂದು ಅಂಚು ಸರಿದೂಗಿಸುತ್ತದೆ.

ಗ್ಯಾರಂಟಿ ಬೇಕಿದ್ದರೆ ಜನವರಿ 3ರ ಹುಣ್ಣಿಮೆವರೆಗೆ ಕಾಯಿರಿ. ಅವತ್ತು ಚಂದ್ರನ ಹತ್ತಿರದಲ್ಲೇ ಗುರು ಇರುತ್ತಾನೆ. ಮಗಳು ತೋರಿಸಿದ್ದು ಅದೇನಾ ಅಂತ ನೋಡಿಬಿಡಿ.

ಅಲ್ಲಿಯವರೆಗೆ ಏನೂ ಕೊಳ್ಳಬೇಡಿ. ಒಂದೇ ಒಂದು ಗುಂಪು ಕಲಿಯಿರಿ, ಮಹಾವ್ಯಾಧ. ನಡುವೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರ, ಬೇಟೆಗಾರನ ಸೊಂಟಪಟ್ಟಿ. ಒಮ್ಮೆ ಕಂಡರೆ ಜನ್ಮದಲ್ಲಿ ಮರೆಯುವುದಿಲ್ಲ. ಆ ಸಾಲನ್ನೇ ಒಂದು ಕಡೆ ಎಳೆದುಕೊಂಡು ಹೋದರೆ ಲುಬ್ಧಕ. ಇನ್ನೊಂದು ಕಡೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ, ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಕೃತ್ತಿಕೆಯ ಗೊಂಚಲು. ಪಟ್ಟಿಯ ಒಂದು ಬದಿಗೆ ಕೆಂಪು ಆರ್ದ್ರಾ, ಅದರ ಎದುರು ಬದಿಗೆ ಬಿಳಿನೀಲಿ ರೈಜೆಲ್. ಎರಡರ ಬಣ್ಣ ಪಕ್ಕಪಕ್ಕ ಹೋಲಿಸಿ. ನಕ್ಷತ್ರಕ್ಕೆ ಬಣ್ಣ ಇದೆ ಅಂತ ನನಗೆ ಗೊತ್ತಾಗಿದ್ದೇ ಹಾಗೆ. 2019ರ ಕೊನೆಯಲ್ಲಿ ಆರ್ದ್ರಾ ಇದ್ದಕ್ಕಿದ್ದಂತೆ ಮಂಕಾಯಿತು. ಬರಿಗಣ್ಣಿಗೇ ಗೊತ್ತಾಗುವಷ್ಟು. ಅದು ಉಗುಳಿದ ಧೂಳು ಅದರ ಮುಖಕ್ಕೇ ಅಡ್ಡ ಬಂದಿತ್ತಂತೆ. ಆಕಾಶದ ಪರಿಚಯ ಇದ್ದವರು ಯಾವ ಉಪಕರಣವೂ ಇಲ್ಲದೆ ಅದನ್ನು ಕಂಡರು.

ಅಳತೆಗೆ ನಿಮ್ಮ ಕೈಯೇ ಸಾಕು. ತೋಳು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಿರುಬೆರಳು 1 ಡಿಗ್ರಿ. ಚಂದ್ರ ಬರೀ ಅರ್ಧ ಡಿಗ್ರಿ, ಕಿರುಬೆರಳಿನ ಹಿಂದೆ ಪೂರ್ತಿ ಅಡಗುತ್ತಾನೆ. ನಂಬಿಕೆ ಬರುವುದಿಲ್ಲ, ಮಾಡಿ ನೋಡಿ.

ಹೊಸಚುಕ್ಕಿ · 27 ಡಿಸೆಂಬರ್

ಮಿನುಗುತ್ತಿತ್ತಾ ಅಂತ ನೆನಪಿಲ್ಲ ಮೇಡಂ. ಇವತ್ತು ರಾತ್ರಿ ನೋಡುತ್ತೇನೆ. ಒಂದು ದಡ್ಡ ಪ್ರಶ್ನೆ. ಫೋನ್ ಮೇಲೆ ಹಿಡಿದರೆ ಹೆಸರು ತೋರಿಸುವ ಆ್ಯಪ್‌ಗಳು ಇವೆಯಲ್ಲ, ಅದಿದ್ದರೆ ಇದೆಲ್ಲ ಯಾಕೆ ಕಲಿಯಬೇಕು?

ಬರಿಗಣ್ಣು · 27 ಡಿಸೆಂಬರ್

ಮ್ಯಾಪ್ ಹಾಕಿಕೊಂಡು ಹತ್ತು ವರ್ಷ ಓಡಾಡಿದವರಿಗೂ ದಾರಿ ಗೊತ್ತಿರುವುದಿಲ್ಲ, ಅಲ್ವಾ? ಅದೇ ಕಥೆ.

ಮೋಡ_ಮುಸುಕು · 27 ಡಿಸೆಂಬರ್

ಇದನ್ನು ನಾನು ಒಪ್ಪುವುದಿಲ್ಲ. ನನಗೆ ಹೇಳಿಕೊಡಲು ಯಾರೂ ಇರಲಿಲ್ಲ. ಆಕಾಶದ ನಕ್ಷೆ ತೋರಿಸುವ ಸ್ಟೆಲ್ಲೇರಿಯಂ ಇರದಿದ್ದರೆ ಶುರುವೇ ಮಾಡುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುತ್ತದೆ. ಸಂಜೆಯೇ ಕೂತು ಇವತ್ತು ಎಂಟು ಗಂಟೆಗೆ ಎಲ್ಲೆಲ್ಲಿ ಏನೇನು ಇರುತ್ತದೆ ಅಂತ ನೋಡಿಕೊಂಡು, ಹೊರಗೆ ಹೋಗಿ ಕಣ್ಣಲ್ಲೇ ಹುಡುಕುತ್ತೇನೆ. ಹುಡುಕಿ ಸಿಗದಿದ್ದರೆ ಮಾತ್ರ ಫೋನ್. ಮೊದಲೇ ಫೋನ್ ಎತ್ತಿ ಹಿಡಿದರೆ ಎರಡು ತೊಂದರೆ. ಅದರ ದಿಕ್ಸೂಚಿ ಕೆಲವೊಮ್ಮೆ ತಪ್ಪು ತೋರಿಸುತ್ತದೆ, ಹತ್ತಿರ ಕಬ್ಬಿಣ ಇದ್ದರಂತೂ ಕೇಳಲೇಬೇಡಿ. ಇನ್ನೊಂದು, ಪರದೆಯ ಬೆಳಕು ಕಣ್ಣನ್ನು ಹಾಳು ಮಾಡುತ್ತದೆ.

ಈ ಎರಡನೆಯದನ್ನು ಹೊಸಬರು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಒಂದು ಸಲ ಬಿಳಿ ಟಾರ್ಚ್ ನೋಡಿದಿರೋ, ಮತ್ತೆ ಮೊದಲಿಂದ. ಕೆಂಪು ಬೆಳಕು ಅಷ್ಟು ಕೆಡಿಸುವುದಿಲ್ಲ. ಟಾರ್ಚಿಗೆ ಕೆಂಪು ಬಣ್ಣದ ಪಾರದರ್ಶಕ ಹಾಳೆ ಎರಡು ಪದರ ಸುತ್ತಿದರೆ ಸಾಕು. ಆ್ಯಪ್‌ನಲ್ಲೂ ರಾತ್ರಿಗೆ ಅಂತ ಕೆಂಪು ಪರದೆ ಇರುತ್ತದೆ, ಹಾಕಿಕೊಳ್ಳಿ.

ಬೀದಿ ದೀಪದ ವಿಷಯ. ದೀಪ ನೇರ ಕಣ್ಣಿಗೆ ಬೀಳದ ಮೂಲೆ ಹುಡುಕಿ. ನೀರಿನ ಟ್ಯಾಂಕಿನ ಹಿಂದೆ, ಗೋಡೆಯ ಮರೆ, ಎಲ್ಲಾದರೂ ಸರಿ. ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು ನೋಡುವವರೂ ಇದ್ದಾರೆ. ನಾನೂ ಒಬ್ಬ. ಚಂದ್ರ ಮತ್ತು ಗ್ರಹಗಳಿಗೆ ಪೇಟೆಯ ಬೆಳಕಿನಿಂದ ಅಂಥ ನಷ್ಟವೇನಿಲ್ಲ. ನಷ್ಟ ಆಗುವುದು ಆಕಾಶಗಂಗೆ, ನೀಹಾರಿಕೆ, ದೂರದ ಗೆಲಾಕ್ಸಿಗಳಿಗೆ. ಅವಕ್ಕೆ ವರ್ಷಕ್ಕೆ ಒಂದೆರಡು ಸಲವಾದರೂ ಊರು ಬಿಟ್ಟು ಹೊರಗೆ ಹೋಗಲೇಬೇಕು, ಅಮಾವಾಸ್ಯೆಯ ಆಸುಪಾಸಿನಲ್ಲಿ.

ಕನ್ನಡಿ_ಉಜ್ಜುವವ · 28 ಡಿಸೆಂಬರ್

ಇನ್ನೇನು ಯಾರಾದರೂ ಬಂದು ಮೊದಲು ಬೈನಾಕ್ಯುಲರ್ ಕೊಳ್ಳಿ ಅನ್ನುತ್ತಾರೆ. ಬರೆದಿಟ್ಟುಕೊಳ್ಳಿ.

ಬರಿಗಣ್ಣು · 28 ಡಿಸೆಂಬರ್

ನಾನೇ ಅನ್ನುತ್ತೇನೆ. ಮೊದಲು ಬೈನಾಕ್ಯುಲರ್ ಕೊಳ್ಳಿ!

10x50 ಅಂತ ಬರೆದಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುತ್ತದೆ, ಮುಂದಿನ ಲೆನ್ಸ್ 50 ಮಿ.ಮೀ. ಕೈ ನಡುಗುತ್ತದೆ ಅನ್ನುವವರಿಗೆ 7x50 ಒಳ್ಳೆಯದು. 20 ಪಟ್ಟಿನವು ಬೇಡ, ಕೈಯಲ್ಲಿ ನಿಲ್ಲುವುದಿಲ್ಲ. ಒರಗು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮೊಣಕೈ ಎರಡನ್ನೂ ಕುರ್ಚಿಯ ಕೈಗೆ ಊರಿ ನೋಡಿ. ಕೃತ್ತಿಕೆಯಲ್ಲಿ ಬರಿಗಣ್ಣಿಗೆ ಆರು ಕಂಡರೆ ಇದರಲ್ಲಿ ಹತ್ತಾರು. ವ್ಯಾಧನ ಪಟ್ಟಿಯಿಂದ ಕತ್ತಿಯ ಹಾಗೆ ಇಳಿಬಿದ್ದ ಸಾಲಿನ ನಡುವೆ ಒಂದು ಮಂಜಿನ ತುಣುಕು ಕಾಣುತ್ತದೆ, ಅಲ್ಲಿ ಈಗಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಆಮೇಲೆ ದೇವಯಾನಿ ಗೆಲಾಕ್ಸಿ. ಬೂದು ಬಣ್ಣದ ಉದ್ದನೆಯ ಕಲೆ, ಅಷ್ಟೇ. ಆ ಬೆಳಕು ಅಲ್ಲಿಂದ ಹೊರಟು 25 ಲಕ್ಷ ವರ್ಷ ಆಗಿದೆ.

ಎರಡೂ ಕಣ್ಣಿನಿಂದ ನೋಡುವ ಸುಖ ಟೆಲಿಸ್ಕೋಪಿನಲ್ಲಿ ಇಲ್ಲ. 1996ರಲ್ಲಿ ಇಡೀ ಜಗತ್ತು ನೋಡಿದ ಹ್ಯಾಕುಟಾಕೆ ಧೂಮಕೇತುವನ್ನು ಜಪಾನಿನ ಯುಜಿ ಹ್ಯಾಕುಟಾಕೆ ಕಂಡುಹಿಡಿದದ್ದು ಬೈನಾಕ್ಯುಲರಿನಲ್ಲೇ. ಅವರದು 150 ಮಿ.ಮೀ.ಯದು, ದೈತ್ಯ. ಆದರೂ ಬೈನಾಕ್ಯುಲರ್ ಬೈನಾಕ್ಯುಲರೇ.

ಕನ್ನಡಿ_ಉಜ್ಜುವವ · 28 ಡಿಸೆಂಬರ್

ಬೈನಾಕ್ಯುಲರಿನ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲರಿಗೂ ಒಂದೇ ಔಷಧ ಬರೆದುಕೊಡುವುದರ ಮೇಲೆ ಸಿಟ್ಟು. ಇವರು ಡಬ್ಬಿಯ ಮೇಲಿನ ಶನಿಯನ್ನು ನೋಡಿ ಮರುಳಾದವರು. 10 ಪಟ್ಟಿನಲ್ಲಿ ಶನಿಯ ಬಳೆ ಕಾಣುವುದಿಲ್ಲ, ಸ್ವಲ್ಪ ಉದ್ದಗಿನ ಚುಕ್ಕಿ ಕಾಣುತ್ತದೆ. ಬಳೆ ಬೇರೆಯಾಗಿ ಕಾಣಲು ಕನಿಷ್ಠ 25-30 ಪಟ್ಟು, ಅಲುಗದ ಸ್ಟ್ಯಾಂಡ್, ಎರಡೂ ಬೇಕು. ಬಯಕೆ ಅದೇ ಆದರೆ ನೇರವಾಗಿ ಆರು ಇಂಚಿನ ಕನ್ನಡಿಯ ಡಾಬ್ಸೋನಿಯನ್ ತಗೊಳ್ಳಲಿ. ಒಂದು ಕೊಳವೆ, ತಳದಲ್ಲಿ ಕನ್ನಡಿ, ಕೆಳಗೆ ತಿರುಗುವ ಮರದ ಪೆಟ್ಟಿಗೆ. ಮೋಟಾರು ಇಲ್ಲ, ಕಾಲುಗಳಿಲ್ಲ, ನಡುಕ ಇಲ್ಲ. 1960ರ ದಶಕದಲ್ಲಿ ಜಾನ್ ಡಾಬ್ಸನ್ ಅನ್ನುವವರು ಸಿಕ್ಕ ಸಾಮಾನಿನಲ್ಲಿ ಇಂಥವನ್ನು ಮಾಡಿ, ಸ್ಯಾನ್ ಫ್ರಾನ್ಸಿಸ್ಕೋದ ಬೀದಿಬದಿಯಲ್ಲಿಟ್ಟು ಹೋಗುವವರನ್ನೆಲ್ಲ ಕರೆದು ಆಕಾಶ ತೋರಿಸುತ್ತಿದ್ದರು. ಹಣವೆಲ್ಲ ಕನ್ನಡಿಗೆ ಹೋಗುತ್ತದೆ, ತಂತ್ರಕ್ಕಲ್ಲ. ಭಾರ ಮಾತ್ರ ನೋಡಿಕೊಳ್ಳಿ. ಮಹಡಿಗೆ ಒಬ್ಬರೇ ಹೊರುವಂತಿರಬೇಕು. ಎಂಟು ಇಂಚಿನದು ಇನ್ನೂ ಚೆನ್ನಾಗಿ ತೋರಿಸುತ್ತದೆ, ಆದರೆ ಮೆಟ್ಟಿಲು ನೆನೆದರೆ ಅರ್ಧ ರಾತ್ರಿಗಳು ಒಳಗೇ ಕಳೆದುಹೋಗುತ್ತವೆ. ನನ್ನ ಸೊಂಟ ಸಾಕ್ಷಿ.

ಇಷ್ಟು ಹೇಳಿದ ಮೇಲೆ ನನ್ನ ಮಾತಿಗೆ ನಾನೇ ಅಡ್ಡ ಬರುತ್ತೇನೆ. ಶನಿಗಾಗಿ ಈಗಲೇ ಅವಸರ ಬೇಡ. ಸುಮಾರು 15 ವರ್ಷಕ್ಕೊಮ್ಮೆ ಶನಿಯ ಬಳೆ ನಮಗೆ ಅಂಚಿನ ಕಡೆಯಿಂದ ಕಾಣುತ್ತದೆ. 2025ರ ಮಾರ್ಚಿನಲ್ಲಿ ಹಾಗೆ ಆಯಿತು. ಈಗಲೂ ಬಳೆ ಬರೀ ಸೂಜಿ ಚುಚ್ಚಿದ ಹಾಗೆ ತೆಳುವಾಗಿದೆ. ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಾ 2032ರ ಹೊತ್ತಿಗೆ ಪೂರ್ತಿ ಅಗಲವಾಗಿ ಕಾಣುತ್ತದೆ. ಹಾಗಾಗಿ ಬರಿಗಣ್ಣು ಮೇಡಂ ಹೇಳಿದ ಹಾಗೆ ಕೆಲವು ತಿಂಗಳು ಕಣ್ಣಲ್ಲೇ ಕಲಿಯುವುದಕ್ಕೆ ಈ ವರ್ಷ ಒಳ್ಳೆಯ ವರ್ಷ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತಿದೆ.

ಮೋಡ_ಮುಸುಕು · 28 ಡಿಸೆಂಬರ್

ಹೆಸರು ಯಾಕೆ ಕನ್ನಡಿ ಉಜ್ಜುವವ ಅಂತ ಕೇಳಲೇ?

ಕನ್ನಡಿ_ಉಜ್ಜುವವ · 28 ಡಿಸೆಂಬರ್

ಉಜ್ಜುತ್ತೇನೆ, ಅದಕ್ಕೆ. ಎರಡು ದಪ್ಪ ಗಾಜಿನ ಬಿಲ್ಲೆ, ನಡುವೆ ಅರೆಯುವ ಪುಡಿ, ನೀರು. ಮೇಲಿನದನ್ನು ಹಿಂದೆ ಮುಂದೆ ತಳ್ಳುತ್ತಾ, ಸುತ್ತಲೂ ನಡೆಯುತ್ತಾ ಇದ್ದರೆ ಮೇಲಿನದು ಒಳಗೆ ಬಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಸಂಗೀತಗಾರನಾಗಿದ್ದ ವಿಲಿಯಂ ಹರ್ಷೆಲ್ ಗಾಜಿನ ಬದಲು ಲೋಹದಲ್ಲಿ ತನ್ನ ಕನ್ನಡಿ ತಾನೇ ಉಜ್ಜಿಕೊಂಡು, ಮನೆಯಲ್ಲೇ ನೋಡುತ್ತಾ 1781ರ ಮಾರ್ಚ್ 13ರಂದು ಯುರೇನಸ್ ಕಂಡ. ನನಗೆ ಇನ್ನೂ ಏನೂ ಸಿಕ್ಕಿಲ್ಲ.

ಹೊಸಚುಕ್ಕಿ · 28 ಡಿಸೆಂಬರ್

ಡಬ್ಬಿ ಕೈಬಿಟ್ಟೆ. ಗೆಳೆಯನೊಬ್ಬನ ಹತ್ತಿರ ಹಳೆಯ 10x50 ಇದೆಯಂತೆ, ಕೇಳಿದ್ದೇನೆ. ಇನ್ನೊಂದು ಅನುಮಾನ. ಫೋಟೋಗಳಲ್ಲಿ ಕಾಣುವ ಗುಲಾಬಿ, ನೇರಳೆ ಬಣ್ಣದ ಮೋಡಗಳು ಆರು ಇಂಚಿನಲ್ಲಿ ಕಾಣುತ್ತವಾ?

ಅಟ್ಟದ_ಮೇಲೆ · 28 ಡಿಸೆಂಬರ್

ನಾನು ಕೇಳಿದ್ದೂ ಇದೇ. ಉತ್ತರ ಕೇಳಿ ಅತ್ತಿದ್ದೆ.

ಮೋಡ_ಮುಸುಕು · 29 ಡಿಸೆಂಬರ್

ಇಲ್ಲ. ಬಹುಪಾಲು ಬೂದು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕೂಡಿಡುತ್ತದೆ, ಕಣ್ಣಿಗೆ ಆ ಶಕ್ತಿ ಇಲ್ಲ. ಆದರೆ ಒಂದು ಉಪಾಯ ಇದೆ, ಓರೆನೋಟ. ಮಂಕಾದ ವಸ್ತುವನ್ನು ನೇರ ದಿಟ್ಟಿಸಬೇಡಿ. ಅದರ ಪಕ್ಕದ ಖಾಲಿ ಜಾಗಕ್ಕೆ ದೃಷ್ಟಿ ಇಟ್ಟು, ಗಮನ ಮಾತ್ರ ಅದರ ಮೇಲಿರಲಿ. ಕಣ್ಣಿನ ನಟ್ಟನಡುವೆ ಆ ಕೋಶಗಳು ಇಲ್ಲ, ಸುತ್ತ ಇವೆ. ಇಲ್ಲದ ಕಡೆಯಿಂದ ತಟ್ಟನೆ ಎದ್ದು ಬಂದ ಹಾಗೆ ಕಾಣುತ್ತದೆ. ನೇರ ನೋಡಿದ ಕೂಡಲೇ ಮಾಯ. ಮಕ್ಕಳಿಗೆ ಇದು ಬಹಳ ಇಷ್ಟ.

ಬಣ್ಣ ನೋಡುವ ಆಸೆ ಇದ್ದರೆ ಜೋಡಿ ನಕ್ಷತ್ರಗಳು ಇವೆ. ಆಲ್ಬಿರಿಯೋ ಅನ್ನುವುದು ಬರಿಗಣ್ಣಿಗೆ ಒಂದೇ ಚುಕ್ಕಿ. 30 ಪಟ್ಟಿನಲ್ಲಿ ನೋಡಿದರೆ ಒಂದು ಚಿನ್ನ, ಪಕ್ಕದಲ್ಲಿ ಒಂದು ನೀಲಿ.

ಚಂದ್ರನ ಬಗ್ಗೆಯೂ ಒಂದು ಮಾತು. ಹುಣ್ಣಿಮೆ ದಿನ ನೋಡಿ ಏನೂ ಇಲ್ಲವಲ್ಲ ಅನ್ನಬೇಡಿ. ಅವತ್ತು ಬೆಳಕು ನೇರ ಬಿದ್ದು ನೆರಳೇ ಇರುವುದಿಲ್ಲ, ಎಲ್ಲ ಸಪಾಟು. ಅರ್ಧ ಚಂದ್ರನ ಸಮಯದಲ್ಲಿ ಬೆಳಕು ಮತ್ತು ಕತ್ತಲೆ ಸೇರುವ ಗೆರೆಯ ಗುಂಟ ನೋಡಿ. ಅಲ್ಲಿ ಸೂರ್ಯ ಆಗಷ್ಟೇ ಹುಟ್ಟುತ್ತಲೋ ಮುಳುಗುತ್ತಲೋ ಇರುತ್ತಾನೆ. ಕುಳಿಗಳ ಒಳಗೆಲ್ಲ ಕಪ್ಪು ನೆರಳು, ಬೆಟ್ಟದ ತುದಿ ಮಾತ್ರ ಬೆಳಕು. ನಾಳೆ ಅದೇ ಜಾಗ ನೋಡಿದರೆ ಬೇರೆಯೇ ಚಿತ್ರ.

ಹೊಸಚುಕ್ಕಿ · 18 ಜನವರಿ 2026

ಮೂರು ವಾರ ಆಯಿತು, ಲೆಕ್ಕ ಒಪ್ಪಿಸುತ್ತೇನೆ.

ಅದು ಗುರುವೇ. ಮಿನುಗುತ್ತಿರಲಿಲ್ಲ. ಹುಣ್ಣಿಮೆಯ ದಿನ ಚಂದ್ರನ ಹತ್ತಿರ ನೋಡಿದ ಮೇಲೆ ಮಗಳು "ಅಪ್ಪ, ಅದು ನಕ್ಷತ್ರವೇ ಅಲ್ಲ" ಅಂತ ನನ್ನ ಹಳೆಯ ಉತ್ತರಕ್ಕೆ ಸರಿಯಾಗಿ ಕೊಟ್ಟಳು. ಮಹಾವ್ಯಾಧ, ಲುಬ್ಧಕ, ರೋಹಿಣಿ, ಕೃತ್ತಿಕೆ ಈಗ ನಿದ್ದೆಗಣ್ಣಲ್ಲೂ ತೋರಿಸುತ್ತೇನೆ. ಇನ್ನೊಂದು ವಿಷಯ ನಾವೇ ಕಂಡುಕೊಂಡೆವು. ಮೊದಲ ದಿನ ಎಂಟು ಗಂಟೆಗೆ ಲುಬ್ಧಕ ಪಕ್ಕದ ಕಟ್ಟಡದ ಹಿಂದೆ ಇತ್ತು. ಈಗ ಅದೇ ಹೊತ್ತಿಗೆ ಕಟ್ಟಡ ದಾಟಿ ಮೇಲೆ ಬಂದಿದೆ.

ಬೈನಾಕ್ಯುಲರ್ ಬಂತು. ಮೊದಲ ರಾತ್ರಿ ಗುರುವನ್ನು ನೋಡಿದರೆ ಬರೀ ನಡುಗುವ ಗೀಟು. ಟ್ಯಾಂಕಿನ ಅಂಚಿಗೆ ಒತ್ತಿ ಹಿಡಿದೆವು. ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಚುಕ್ಕಿಗಳು! ನಾಲ್ಕು ಚಂದ್ರರು ಅಂತ ಓದಿದ್ದೆ, ಕಂಡಿದ್ದು ಮೂರು. ಮಗಳು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿಟ್ಟಳು. ಮಾರನೇ ದಿನ ಅವು ಜಾಗ ಬದಲಾಯಿಸಿದ್ದವು. ಈಗ ಹನ್ನೊಂದು ರಾತ್ರಿಯ ಚಿತ್ರ ಇದೆ. ಒಂದು ಕಾಣೆಯಾಗುವುದು ಯಾಕೆ? ಯಾವುದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ಬರಿಗಣ್ಣು · 18 ಜನವರಿ

ಲುಬ್ಧಕ ಮೇಲೆ ಬಂದಿದ್ದನ್ನು ನೀವೇ ಕಂಡಿರಿ ಅಂದರೆ ನನಗೆ ಹಬ್ಬ. ಪ್ರತಿ ನಕ್ಷತ್ರವೂ ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತದೆ. ಮೂರು ವಾರಕ್ಕೆ ಒಂದೂವರೆ ಗಂಟೆ ಹತ್ತಿರ.

ಕನ್ನಡಿ_ಉಜ್ಜುವವ · 18 ಜನವರಿ

ಕಾಣೆಯಾದದ್ದು ಗುರುವಿನ ಹಿಂದೆಯೋ, ಮುಂದೆಯೋ, ನೆರಳಿನಲ್ಲೋ ಇರುತ್ತದೆ. ತೀರಾ ಹತ್ತಿರ ಬಂದರೆ ಗುರುವಿನ ಹೊಳಪಿನಲ್ಲೂ ಮುಳುಗಿಹೋಗುತ್ತದೆ. 1610ರ ಜನವರಿ 7ರಂದು ಗೆಲಿಲಿಯೋ ಮೊದಲ ಸಲ ನೋಡಿದಾಗ ಅವನಿಗೂ ಕಂಡಿದ್ದು ಮೂರೇ. ನಾಲ್ಕನೆಯದು ಕೆಲವು ದಿನ ಬಿಟ್ಟು ಸಿಕ್ಕಿತು. ಅವನೂ ಪ್ರತಿ ರಾತ್ರಿ ಚಿತ್ರ ಬರೆದಿಟ್ಟಿದ್ದ. ನಿಮ್ಮ ಮಗಳು ಮಾಡಿದ್ದು ಅದನ್ನೇ, ಅದೂ ಅದೇ ತಿಂಗಳಲ್ಲಿ.

ಯಾವುದು ಯಾವುದು ಅಂತ ಹೆಸರು ನೋಡಿ ಹೇಳಿಬಿಡಬೇಡಿ, ಚಿತ್ರದಿಂದಲೇ ಹುಡುಕಲಿ. ಎಲ್ಲಕ್ಕಿಂತ ಒಳಗಿನ ಅಯೋ ಒಂದು ಸುತ್ತಿಗೆ ಎರಡು ದಿನವೂ ತಗೊಳ್ಳುವುದಿಲ್ಲ. ಯೂರೋಪಾ ಮೂರೂವರೆ ದಿನ. ಗ್ಯಾನಿಮೀಡ್ ಒಂದು ವಾರಕ್ಕೆ ಸ್ವಲ್ಪ ಜಾಸ್ತಿ. ಎಲ್ಲಕ್ಕಿಂತ ದೂರ ಹೋಗಿ ನಿಧಾನಕ್ಕೆ ವಾಪಸ್ ಬರುವುದು ಕ್ಯಾಲಿಸ್ಟೋ, ಅದಕ್ಕೆ ಹದಿನೇಳು ದಿನ ಹತ್ತಿರ. ಹನ್ನೊಂದು ಚಿತ್ರ ಇದೆ ಅಂದಿರಿ, ಇನ್ನೂ ಒಂದು ವಾರ ಬರೆಯಲಿ. ಪುಟದ ಅಂಚಿನ ಹತ್ತಿರ ಹೋಗುವ ಚುಕ್ಕಿ ಯಾವುದು ಅಂತ ಕೇಳಿ.

ಅಟ್ಟದ_ಮೇಲೆ · 19 ಜನವರಿ

ನಿನ್ನೆ ಇದನ್ನು ಓದಿ ತಡೆಯಲಾಗಲಿಲ್ಲ. ಏಣಿ ಹಾಕಿ ಇಳಿಸಿದೆ. 4 ಮಿ.ಮೀ. ಐಪೀಸ್, ಬಾರ್ಲೋ ಎರಡನ್ನೂ ಪಕ್ಕಕ್ಕಿಟ್ಟು 20 ಮಿ.ಮೀ.ಯದು ಹಾಕಿದೆ. 700 ಭಾಗಿಸು 20, ಅಂದರೆ 35 ಪಟ್ಟು. ಸ್ಟ್ಯಾಂಡಿನ ನಡುವೆ ನೀರು ತುಂಬಿದ ಕ್ಯಾನ್ ನೇತುಹಾಕಿದೆ, ನಡುಕ ಅರ್ಧಕ್ಕರ್ಧ ಹೋಯಿತು. ಫೈಂಡರನ್ನು ಸಂಜೆ ಬೆಳಕಿರುವಾಗಲೇ ದೂರದ ಕಂಬವೊಂದಕ್ಕೆ ಹಿಡಿದು ಕೊಳವೆಯ ಜೊತೆ ಸರಿಹೊಂದಿಸಿದ್ದೆ. ಇದನ್ನು ಮೊದಲೇ ಮಾಡಿದ್ದರೆ ನೀರಿನ ಟ್ಯಾಂಕು ನೋಡುವುದು ತಪ್ಪುತ್ತಿತ್ತು.

ಗುರು ಐದೇ ನಿಮಿಷದಲ್ಲಿ ಸಿಕ್ಕಿತು. ಪುಟ್ಟ ತಟ್ಟೆ. ಅಡ್ಡಕ್ಕೆ ಎರಡು ಕಂದು ಗೀಟು, ಹೌದೋ ಅಲ್ಲವೋ ಅನ್ನುವಷ್ಟು. ಒಂದು ಕಡೆ ಮೂರು ಚಂದ್ರ, ಇನ್ನೊಂದು ಕಡೆ ಒಂದು. ಮನೆಯವರನ್ನೆಲ್ಲ ಎಬ್ಬಿಸಿದೆ. ಬೈಸಿಕೊಂಡೆ.

ಕಪ್ಪು ಗಾಜು ಒಡೆದು ಹಾಕಿದ್ದೇನೆ. ಇನ್ನು ಹೆಸರು ಬದಲಾಯಿಸಬೇಕು.

ಮೋಡ_ಮುಸುಕು · 19 ಜನವರಿ

ನಮ್ಮಲ್ಲಿ ಒಂಬತ್ತು ದಿನದಿಂದ ಮೋಡ. ನೀವೆಲ್ಲ ನೋಡಿ.